ಮೂರು ಚಮಚ ಸಕ್ಕರೆಯೂ ಬೆರಳುದ್ದದ ಪಟ್ಟಿಯೂ

ನನ್ನ ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಕು. ಗುಡ್ಡದಂತೆ ತುಂಬಿದ ಚಮಚವಲ್ಲ, ಅಂಚಿಗೆ ಬೆರಳೆಳೆದು ಸಮ ಮಾಡಿದ್ದು. ಮದುವೆಯಾಗಿ ಕೆರೆಬಿಳಚಿಗೆ ಬಂದಂದಿನಿಂದ ಐವತ್ತೆರಡು ವರ್ಷ ಈ ಅಳತೆ ತಪ್ಪಿರಲಿಲ್ಲ. ಯಜಮಾನರು ತೀರಿಕೊಂಡ ವಾರದಲ್ಲಿ ಊಟ ಬಿಟ್ಟಿದ್ದೆ, ಚಹಾ ಬಿಟ್ಟಿರಲಿಲ್ಲ. (ಅವರೂ ಬೇಸರ ಮಾಡಿಕೊಂಡಿರಲಾರರು. ನನ್ನ ಚಹಾ ಕೆಟ್ಟರೆ ಮನೆಯಲ್ಲಿ ಏನೇನು ಕೆಡುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ.) ಇಂಥ ಸಾಮ್ರಾಜ್ಯವನ್ನು ಕಳೆದ ಕಾರ್ತಿಕದಲ್ಲಿ ಬೆರಳುದ್ದದ ಒಂದು ಪಟ್ಟಿ ಉರುಳಿಸಿಬಿಟ್ಟಿತು.

ಪಟ್ಟಿ ತಂದವಳು ಕಲ್ಪನಾ, ಯಾವುದೋ ಕಾಲೇಜಿನಲ್ಲಿ ಓದುವ ಹುಡುಗಿ. ಮೂತ್ರದಲ್ಲೇ ಕಾಯಿಲೆಯ ಗುರುತು ಹಿಡಿಯುವ ಯಂತ್ರವನ್ನು ಅವಳ ಮೇಷ್ಟ್ರು ಮಾಡಿದ್ದಾರಂತೆ. ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ನೋಡಲು ನಮ್ಮೂರಿನ ಅರವತ್ತು ಮುದುಕ ಮುದುಕಿಯರನ್ನು ಆರಿಸಿಕೊಂಡಿದ್ದಳು. ಯಂತ್ರ ಬೆಂಕಿಪೊಟ್ಟಣದಷ್ಟಿತ್ತು. ಅದರ ಬಾಯಿಗೆ ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿಗೆ ಒಂದು ಹನಿ ಬಿಟ್ಟರೆ, ಇರುವೆಗೂ ತಾಗದಷ್ಟು ಕರೆಂಟು ಹರಿದು ಮೊಬೈಲಿನಲ್ಲಿ ಸಕ್ಕರೆಯ ಅಂಕಿ ಮೂಡುತ್ತದೆ. ಹದಿನೈದರೊಳಗಿದ್ದರೆ ಕ್ಷೇಮ. ನನ್ನದು ಇಪ್ಪತ್ತೊಂದು ಬಂತು.

“ಅಜ್ಜಿ, ಈ ಯಂತ್ರ ಇನ್ನೂ ಕಲಿಯೋ ಹಂತದಾಗೈತೆ. ಚನ್ನಗಿರಿಗೆ ಹೋಗಿ ರಕ್ತ ತೋರಿಸ್ರಿ, ಅದೇ ಖಾತ್ರಿ” ಎಂದಳು.

ಸೂಜಿಗೆ ನಾನು ಹೆದರುವವಳಲ್ಲ (ಅದು ದೂರದಲ್ಲಿದ್ದರೆ). “ಉಚ್ಚೆಯಾಗೆ ಬಂದಿದ್ದು ಉಚ್ಚೆಯಾಗೇ ಹೋಗ್ಲಿ ಬಿಡವ್ವ” ಎಂದೆ.

ಸೊಸೆ ಶಿವಲೀಲಾ ಅಂಕಿ ಕೇಳಿದ್ದೇ ತಡ, ಸಕ್ಕರೆ ಡಬ್ಬಿಯನ್ನು ಒಯ್ದು ಬೀರುವಿನಲ್ಲಿ ತನ್ನ ಎರಡೆಳೆ ಸರದ ಪಕ್ಕ ಇಟ್ಟು ಬೀಗ ಹಾಕಿದಳು.

“ಇಪ್ಪತ್ತೊಂದು ಅಂದ್ರೆ ಏನ್ ಮಹಾ ಆತೀಗ? ನಿನ್ನ ಮಗಳು ಗಣಿತದಾಗೆ ನೂರಕ್ಕೆ ಇಪ್ಪತ್ತೊಂದು ತಗಂಡಾಗ, ಕಮ್ಮಿ ಆತು ಅಂತ ಮೂರು ದಿನ ಅತ್ತಿದ್ದಿ” ಎಂದೆ.

“ಅದು ಜಾಸ್ತಿ ಆಗ್ಬೇಕಿತ್ತು ಅತ್ತೆ, ಇದು ಕಮ್ಮಿ ಆಗ್ಬೇಕು. ಸುಮ್ನೆ ಕುಡೀರಿ.”

ಕುಡಿದೆ. ಬಟ್ಟೆ ನೆನೆಸಿದ ನೀರಿಗೂ ಅದಕ್ಕೂ ಇದ್ದ ವ್ಯತ್ಯಾಸವೆಂದರೆ, ಇದು ಬಿಸಿಯಾಗಿತ್ತು.

ಅಂಕಿ ಇಳಿದರೆ ಡಬ್ಬಿ ಹೊರಗೆ ಬರುತ್ತದೆ ಎಂದು ಸೊಸೆ ಮಾತು ಕೊಟ್ಟಿದ್ದಳು. ಇಳಿಸುವ ದಾರಿಯನ್ನು ಪಕ್ಕದ ಮನೆಯ ಸುಗ್ರಾ ಹೇಳಿದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಬುದ್ಧಿ ಹೇಳುವಾಗ ಮಾತ್ರ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಅವಳ ಹಿತ್ತಲಲ್ಲಿ ನೆಲ್ಲಿಮರವಿದೆ. ಕಾರ್ತಿಕ ಬಂತೆಂದರೆ ಸಂಜೆ ಅವಳ ಕಟ್ಟೆಯ ಮೇಲೆ ಕೂತು ದಿನಕ್ಕೆರಡು ಕಾಯಿ ಉಪ್ಪು ಹಚ್ಚಿ ತಿನ್ನುವುದು ನನ್ನ ಹಳೆಯ ಅಭ್ಯಾಸ.

“ಎರಡು ಯಾತಕ್ಕೂ ಸಾಲಲ್ಲ ತಿಪ್ಪಕ್ಕ. ಐದು ತಿನ್ರಿ. ನೆಲ್ಲಿಕಾಯಿ ಸಕ್ಕರೇನ ಬೇರು ಸಮೇತ ಕಿತ್ತಾಕತೈತೆ. ನಮ್ಮ ಮಾವ ತೊಂಬತ್ತು ವರ್ಷ ಹೆಂಗೆ ಬದುಕಿದ್ರು ಅನ್ಕಂಡ್ರಿ?”

“ನಿಮ್ಮ ಮಾವಗೆ ಸಕ್ಕರೆ ಕಾಯಿಲೆ ಇತ್ತೇನೆ?”

“ಇರ್ಲಿಲ್ಲ! ಅದೇ ನಾ ಹೇಳ್ತಿರೋದು!”

ಅಂದಿನಿಂದಲೇ ದಿನಕ್ಕೆ ಐದು ತಿಂದೆ. ಮುಂದಿನ ಮಂಗಳವಾರ ಕಲ್ಪನಾ ಬಂದು ಹನಿ ಬಿಟ್ಟಳು. ಮೂವತ್ತೆಂಟು.

“ರೋಗ ಗಟ್ಟಿ ಐತೆ. ಹತ್ತು ತಿನ್ರಿ” ಎಂದಳು ಸುಗ್ರಾ. ಹತ್ತು ತಿಂದೆ. ಅರವತ್ತನಾಲ್ಕು.

ಶಿವಲೀಲಾ ಬಾಳೆಹಣ್ಣು ನಿಲ್ಲಿಸಿದಳು, ಬೆಲ್ಲ ನಿಲ್ಲಿಸಿದಳು, ಅನ್ನವನ್ನು ಮುಷ್ಟಿಗೆ ಇಳಿಸಿದಳು. ಆಮೇಲೆ ನನ್ನ ಮಗನಿಗೆ, “ನಿಮ್ಮಮ್ಮ ಎಲ್ಲೋ ಕದ್ದು ತಿಂತಾರೆ, ಇಲ್ಲ ಅಂದ್ರೆ ಹೆಂಗೆ ಏರತೈತೆ?” ಎಂದು ದೂರಿತ್ತಳು. ಆ ಮಹಾನುಭಾವ ಬಂದು ನನ್ನ ದಿಂಬಿನ ಕೆಳಗೆ ತಡಕಿದ. ಸಿಕ್ಕಿದ್ದು ಅವನದೇ ಕಳೆದುಹೋದ ಕನ್ನಡಕ.

“ಹುಡುಕ್ದೋನಿಗೆ ಕೂಲಿ ಸಿಕ್ತಲ್ಲ, ಹೋಗಪ್ಪ” ಎಂದೆ.

ಅವಮಾನಕ್ಕೆ ಔಷಧಿ ಹೆಚ್ಚಿಸುವುದೊಂದೇ ಉಳಿದಿತ್ತು. ಹದಿನಾರು ಕಾಯಿ ಜಜ್ಜಿ ರಸ ಹಿಂಡಿ ಕುಡಿಯತೊಡಗಿದೆ. ಹಲ್ಲು ಜುಮ್ಮೆಂದು (ಆರು ಉಳಿದಿವೆ, ಆರೂ) ಕಣ್ಣಲ್ಲಿ ನೀರು ಬರುತ್ತಿತ್ತು. ನಾಲ್ಕನೆಯ ಮಂಗಳವಾರ ಅಂಕಿ ತೊಂಬತ್ತೇಳು.

ಕಲ್ಪನಾ ಯಂತ್ರವನ್ನು ಕೊಡವಿದಳು, ಬೇರೆ ಪಟ್ಟಿ ಹಾಕಿದಳು. ಮತ್ತೆ ತೊಂಬತ್ತೇಳು.

“ಅಜ್ಜಿ, ಸಕ್ಕರೆ ಬಿಟ್ಟು ಮೂರು ವಾರ ಆತು. ಏನೇನು ತಿಂದ್ರಿ, ನಿಜ ಹೇಳ್ರಿ.”

“ಹೇಳೋದ್ಯಾಕೆ, ತೋರಿಸ್ತೀನಿ” ಎಂದು ಒಳಗೆ ಹೋದೆ.

ಮೂವತ್ತು ವರ್ಷ ಮಂಡಿಯಲ್ಲಿ ಅಡಿಕೆ ಆರಿಸಿದವಳು ನಾನು. ಒಂದು ಮೂಟೆ ಮುಗಿದರೆ ಒಂದು ಅಡಿಕೆಯನ್ನು ಸೆರಗಿನ ಗಂಟಿಗೆ ಹಾಕಿಕೊಳ್ಳುವುದು ಅಲ್ಲಿ ನಮ್ಮ ಪದ್ಧತಿ. ಸಂಜೆ ಗಂಟು ಬಿಚ್ಚಿದರೆ ದಿನದ ಕೆಲಸ ಕಣ್ಣೆದುರಿಗೆ ಇರುತ್ತದೆ. ಅದೇ ರೀತಿ ತಿಂದ ನೆಲ್ಲಿಕಾಯಿಗೊಂದು ಅಡಿಕೆಯಂತೆ ದಿನಕ್ಕೊಂದು ಗಂಟು ಕಟ್ಟಿದ್ದೆ. ಇಪ್ಪತ್ತೊಂದು ಗಂಟುಗಳನ್ನು ಸಾಲಾಗಿ ಅವಳ ಮುಂದೆ ಇಟ್ಟೆ.

ಅವಳು ಬಿಚ್ಚಿದಳು. ಏಳು ಗಂಟಿನಲ್ಲಿ ಐದೈದು, ಏಳರಲ್ಲಿ ಹತ್ತು ಹತ್ತು, ಏಳರಲ್ಲಿ ಹದಿನಾರು. “ನಾ ಮೊದ್ಲು ಬಂದ ದಿನ?” ಎಂದಳು. “ಎರಡು” ಎಂದೆ. ಮೊಬೈಲು ನೋಡಿದಳು, ಅಡಿಕೆ ನೋಡಿದಳು, ಎದ್ದು ನಿಂತಳು.

“ಅಜ್ಜೀ! ಇದು ಸಕ್ಕರೆ ಅಲ್ಲ, ನೆಲ್ಲಿಕಾಯಿ!”

ಅವಳು ಬಿಡಿಸಿ ಹೇಳಿದ್ದು ಹೀಗೆ: ನೆಲ್ಲಿಕಾಯಿಯ ಹುಳಿಯಲ್ಲೊಂದು ಸತ್ವವಿದೆ. ಮೈಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಮೂತ್ರದಲ್ಲಿ ಹೊರಡುತ್ತದೆ. ಪಟ್ಟಿಗೆ ತಾಗಿದಾಗ ಅದೂ ಸಕ್ಕರೆಯ ಹಾಗೆಯೇ ಕರೆಂಟು ಕೊಡುತ್ತದೆ. ಯಂತ್ರ ಪಾಪ, ಬಾಗಿಲು ಬಡಿದವರನ್ನೆಲ್ಲ ಸಕ್ಕರೆಯೆಂದೇ ಬರೆದುಕೊಳ್ಳುತ್ತದೆ. ಅಂದರೆ ನಾನು ಇಳಿಸಲು ತಿಂದಷ್ಟೂ ಏರಿತ್ತು, ಏರಿದಷ್ಟೂ ತಿಂದಿದ್ದೆ.

ಮರುದಿನ ಶಿವಲೀಲಾಳೇ ನನ್ನನ್ನು ಬಸ್ಸು ಹತ್ತಿಸಿ ಚನ್ನಗಿರಿಗೆ ಕರೆದೊಯ್ದಳು. ಕಣ್ಣು ಮುಚ್ಚಿಕೊಂಡು ರಕ್ತ ಕೊಟ್ಟೆ. ಡಾಕ್ಟರು ಚೀಟಿ ನೋಡಿ, “ಸಕ್ಕರೆ ಗಿಕ್ಕರೆ ಏನೂ ಇಲ್ಲ, ಆರಾಮಾಗಿ ಚಹಾ ಕುಡೀರಿ” ಎಂದರು. ಆ ಮಾತನ್ನು ಸೊಸೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಲು ಅವರನ್ನು ಬೇಡಿಕೊಂಡೆ. ಹೇಳಿದರು.

ಮನೆಗೆ ಬಂದದ್ದು ದಿಗ್ವಿಜಯ ಮುಗಿಸಿದಂತೆ. ಬೀರು ತೆರೆಯಿತು, ಡಬ್ಬಿ ಬಂತು. “ಮೂರು ಚಮಚ. ಅಂಚಿಗೆ ಬೆರಳೆಳೀಬೇಕು” ಎಂದೆ. ಶಿವಲೀಲಾ ಒಲೆ ಹಚ್ಚಿದಳು. ಸುದ್ದಿ ತಿಳಿಯಲು ಸುಗ್ರಾ ಬಂದು ಕೂತಳು. ನೀರು ಕುದಿಯುವ ಹೊತ್ತಿಗೆ ಕಲ್ಪನಾ ತನ್ನ ಮೇಷ್ಟ್ರು ಪ್ರಸನ್ನಕುಮಾರ್ ಅವರನ್ನು ಕರೆದುಕೊಂಡು ಬಂದಳು.

ಮೇಷ್ಟ್ರು ನನಗೆ ಕೈಮುಗಿದರು. “ಅಮ್ಮಾ, ಅರವತ್ತು ಜನರಲ್ಲಿ ಏನು ತಿಂದೆ ಅಂತ ಇಷ್ಟು ಕರಾರುವಾಕ್ಕಾಗಿ ಹೇಳಿದವರು ನೀವೊಬ್ಬರೇ. ನಮ್ಮ ಯಂತ್ರದ ತಪ್ಪು ಹಿಡಿದುಕೊಟ್ಟಿದ್ದೀರಿ” ಎಂದು ಒಂದು ಕಾಗದ ತೆಗೆದು ಓದತೊಡಗಿದರು. ಪೂರ್ತಿ ಓದಿದರು, ಸುಳ್ಳು ಹೇಳಬಾರದು. ಆದರೆ ‘ನೀವೊಬ್ಬರೇ’ ಎಂಬಲ್ಲಿಂದ ಮುಂದೆ ನನ್ನ ಕಿವಿ ಕೆಲಸ ಮಾಡಿರಲಿಲ್ಲ. “ಒಪ್ಪಿಗೇನಾ ಅಮ್ಮಾ?” ಎಂದರು. ಹೆಬ್ಬೆಟ್ಟಲ್ಲ, ತಿಪ್ಪಮ್ಮ ಎಂದು ಒತ್ತು ಬಿಡದೆ ರುಜು ಹಾಕಿಕೊಟ್ಟೆ.

“ಹಂಗಾದ್ರೆ ಇವತ್ತಿಂದ ನಲವತ್ತು ದಿನ” ಎಂದಳು ಕಲ್ಪನಾ. “ನಾವು ಹೇಳಿದಷ್ಟು ನೆಲ್ಲಿಕಾಯಿ ತಿನ್ಬೇಕು, ಗಂಟು ಕಟ್ಬೇಕು. ಸಕ್ಕರೆ ಬೆಲ್ಲ ಒಂದು ಹರಳೂ ಮುಟ್ಟಂಗಿಲ್ಲ ಅಜ್ಜಿ. ಅದೂ ಇದೂ ಬೆರೆತ್ರೆ ಲೆಕ್ಕ ಕೆಡತೈತೆ.”

“ಮನಸ್ಸಿಲ್ಲ ಅಂದ್ರೆ ಈಗಲೂ ಬಿಡಬಹುದಮ್ಮಾ” ಎಂದರು ಮೇಷ್ಟ್ರು, ಒಳ್ಳೆಯವರು.

“ನಮ್ಮತ್ತೆ ಹಿಡಿದ ಲೆಕ್ಕ ಅರ್ಧಕ್ಕೆ ಬಿಡೋರಲ್ಲ ಸರ್” ಎಂದಳು ಶಿವಲೀಲಾ. ಮದುವೆಯಾದಂದಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಹೊಗಳಿ, ಕುದಿದ ಚಹಾವನ್ನು ಸೋಸಿ, ಚಮಚದ ಅಂಚಿಗೆ ಬೆರಳೆಳೆದು ಮೂರು ಸಲ ಸಕ್ಕರೆ ಹಾಕಿ ಕಲಕಿ, ನನ್ನ ಮೂಗಿನ ಮುಂದಿನಿಂದ ಹಾಯಿಸಿ ಸುಗ್ರಾಳ ಕೈಗೆ ಕೊಟ್ಟಳು.

ಸುಗ್ರಾ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

“ಸಕ್ಕರೆ ಒಸಿ ಜಾಸ್ತಿ ಆತು ಕಣೆ ಶಿವಲೀಲಾ.”