ಯಜಮಾನ್ರ ಕಫ ಹಿಡಿದ ಪ್ರಸಂಗ

ಊರೂರು ಸುತ್ತಿ ಜನರ ಹತ್ರ ಕಫ ಬೇಡೋದು ನನ್ನ ಉದ್ಯೋಗ. ನಗಬೇಡಿ. ಭಿಕ್ಷೆಗೆ ಹೋದೋರಿಗೆ ಒಂದು ಹಿಡಿ ರಾಗಿಯಾದ್ರೂ ಸಿಗುತ್ತೆ, ನಾನು ಕೇಳೋದನ್ನ ಕೊಡೋಕೂ ಜನ ನೂರೆಂಟು ತಕರಾರು ತೆಗೀತಾರೆ. ಹಾಗಾಗಿ ಇಂಥ ಪ್ರಸಂಗಗಳು ದಿನಾ ನಡೀತಾನೇ ಇರುತ್ತವೆ.

ಆ ಸಲ ತೆರಕಣಾಂಬಿ ಹತ್ತಿರದ ಒಂದೂರಲ್ಲಿ ಟಿ.ಬಿ. ತಪಾಸಣೆ. ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಊರ ಯಜಮಾನರ ಕಫ. ತಿಂಗಳಾನುಗಟ್ಟಲೆ ಕೆಮ್ಮಿ ಕೆಮ್ಮಿ ಮೈ ಇಳಿದುಹೋಗಿತ್ತು. ಅವರ ಸೊಸೆ ನಲ್ಲಿ ಹತ್ರ ನನ್ನ ಕೈ ಹಿಡಕೊಂಡು ಅತ್ತಳು. "ನಮ್ ಮಗೀನ ತೊಡೆ ಮ್ಯಾಲೆ ಮಲಗಿಸ್ಕಂಡೇ ಕೆಮ್ತಾರೆ ಕಣಕ್ಕ. ಮಾವನಿಗೆ ಯೋಳಕ್ಕೆ ನಂಗೆ ಬಾಯಿ ಬರಕಿಲ್ಲ. ಏನಾರ ಮಾಡಿ." ಆ ಎಳೆಗೂಸಿನ ಮುಖ ನೋಡಿ ನಾನೂ ಹಟ ಹಿಡಿದೆ.

೧. ಒಳ್ಳೆ ಡಬ್ಬಿ

"ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ, ಇದರೊಳಗೆ ಉಗಿದು, ಮುಚ್ಚಳ ಬಿಗಿಯಾಗಿ ಹಾಕಿಡಿ" ಅಂತ ಒಬ್ಬ ಅಜ್ಜಿಗೆ ಡಬ್ಬಿ ಕೊಟ್ಟು ಬಂದಿದ್ದೆ. ಮಾರನೇ ದಿನ ಹೋದರೆ ಅಜ್ಜಿ ಜಗಲಿ ಮೇಲೆ ಎಲೆ ಅಡಿಕೆ ಹಾಕ್ತಾ ಕೂತಿದೆ. ನನ್ನ ಡಬ್ಬಿ ಮುಚ್ಚಳ ತೆಗೆದು, ಒಳಗೆ ಬೆರಳದ್ದಿ, ವೀಳ್ಯದೆಲೆಗೆ ಸವರಿತು.

"ಅಯ್ಯಯ್ಯೋ, ಏನಜ್ಜಿ ಅದು!"

"ಸುಣ್ಣ ಕಣವ್ವ. ಇಂಥಾ ಒಳ್ಳೆ ಡಬ್ಬೀಲಿ ಯಾರಾರ ಉಗೀತಾರಾ? ನಿನ್ ಕಫ ತೆಂಗಿನ್ ಚಿಪ್ಪಲ್ಲೈತೆ, ತಕಂಡೋಗು."

೨. ತುಂಬಿದ ಡಬ್ಬಿ

ಇನ್ನೊಬ್ಬ ರೈತ ಡಬ್ಬಿಯನ್ನ ಕಂಠಮಟ್ಟ ತುಂಬಿಸಿ ತಂದಿದ್ದ.

"ಅಣ್ಣ, ಒಂದು ಚೂರು ಸಾಕಿತ್ತಲ್ಲ!"

"ನಂಗೆ ಬಂದಿದ್ದು ಚೂರೇ ಕಣಮ್ಮ. ಆದ್ರೆ ಇನ್ನೊಬ್ಬರ ಪಾತ್ರೆ ಬರಿದಾಗಿ ವಾಪಸ್ ಕೊಡಬಾರ್ದಲ್ವಾ? ಅದುಕ್ಕೆ ನಮ್ಮಣ್ಣ, ಅತ್ತಿಗೆ, ಪಕ್ಕದ್ಮನೆಯೋರು ಎಲ್ಲಾ ಒಂದೊಂದ್ ಸಲ ಉಗುದವ್ರೆ."

೩. ಮೊದಲ ಮರ್ಯಾದೆ

ಯಜಮಾನರ ಮನೆಗೆ ಹೋದಾಗಲೆಲ್ಲ ಕಾಫಿ ಸಿಕ್ಕಿತು, ಕಫ ಸಿಗಲಿಲ್ಲ.

"ನಮ್ ವಂಶಕ್ಕೆ ಆ ಕಾಯ್ಲೆ ಬರಕಿಲ್ಲ ಕಣವ್ವ. ನಮ್ಮಪ್ಪಾರೂ ಇಂಗೇ ಕೆಮ್ತಿದ್ರು."

"ಆಮೇಲೆ ಏನಾಯ್ತು?"

"ಸತ್ತೋದ್ರು. ಅದು ಬ್ಯಾರೆ ಇಚಾರ."

ಆ ಊರಲ್ಲಿ ಪ್ರಸಾದವೋ ತಾಂಬೂಲವೋ, ಏನೇ ಹಂಚಿದರೂ ಮೊದಲು ಯಜಮಾನರ ಮನೆಗೆ ಹೋಗಬೇಕು. ಇದನ್ನ ನೆನೆದ ಕೂಡಲೇ ನನಗೊಂದು ಉಪಾಯ ಹೊಳೀತು. ಹೊಸ ಡಬ್ಬಿಗಳನ್ನ ತಟ್ಟೇಲಿ ಜೋಡಿಸ್ಕೊಂಡು, ಯಜಮಾನರು ಕೂತಿದ್ದ ಜಗಲಿ ದಾಟಿ, ಸೀದಾ ಎದುರುಮನೆಗೆ ಹೋದೆ. ಎರಡೂ ಮನೆಗೆ ಹೊಲದ ಬದುವಿನ ಜಗಳ. ಎದುರುಮನೆಯವರಿಗೂ ಕೆಮ್ಮಿತ್ತು. "ಈ ಸಲ ಮೊದಲ ಡಬ್ಬಿ ನಿಮಗೇ" ಅಂತ ಜೋರಾಗಿ ಹೇಳಿದೆ. ಅವರು ಎರಡೂ ಕೈ ಚಾಚಿದರು.

"ಏಯ್ ನರ್ಸಮ್ಮ!" ಯಜಮಾನರು ಗುಡುಗಿದರು. "ಯಾವತ್ತಿಂದ ಬಂತು ಈ ಪದ್ಧತಿ? ತತ್ತಾ ಇಲ್ಲಿ!"

"ನೀವೇ ಬೇಡ ಅಂದ್ರಲ್ಲ?"

"ಬ್ಯಾಡ ಅನ್ನೋದ್ನೂ ಮೊದ್ಲು ನಾನೇ ಅನ್ಬೇಕು!" ಅಂತ ತಟ್ಟೆಯಿಂದ ಡಬ್ಬಿ ಕಿತ್ತುಕೊಂಡು, ಅಲ್ಲೇ ಹಿತ್ತಲಿಗೆ ಹೋಗಿ ಕೆಮ್ಮಿ ತಂದು ಕೊಟ್ಟರು.

ಗುಂಡ್ಲುಪೇಟೆಯಿಂದ ಫಲಿತಾಂಶ ಬಂತು. ಟಿ.ಬಿ.ನೇ. ಮಗುವಿನ ತಪಾಸಣೆಯೂ ಆಯ್ತು. ಸದ್ಯ, ಅದಕ್ಕೆ ಏನೂ ಅಂಟಿರಲಿಲ್ಲ, ಮುಂಜಾಗ್ರತೆಗೆ ಔಷಧಿ ಕೊಟ್ಟರು. ಯಜಮಾನರು ಗೊಣಗ್ತಾನೇ ತಿಂಗಳುಗಟ್ಟಲೆ ಮಾತ್ರೆ ನುಂಗಿ, ಪೂರಾ ಗುಣವಾಗಿ, ಮೈಕೈ ತುಂಬಿಕೊಂಡರು. ಗೆದ್ದೆ ಕಣ್ರೀ! ಸೊಸೆ ನನಗೆ ಹೋಳಿಗೆ ಹಾಕಿ, ಬೇಡ ಬೇಡ ಅಂದರೂ ತುಪ್ಪ ಸುರಿದಳು.

ಈಗ ಯಜಮಾನರ ಜುಬ್ಬಾ ಜೇಬಲ್ಲಿ ಸದಾ ಡಬ್ಬಿ. ಅವರ ಎದುರು ಕೆಮ್ಮಿದವರನ್ನ ಹಿಡಿದು ಉಗಿಸದೆ ಬಿಡಲ್ಲ. ಮೊನ್ನೆ ಅವರಿಗೆ ಸನ್ಮಾನ ಮಾಡೋಕೆ ಅಂತ ಚಾಮರಾಜನಗರದಿಂದ ದೊಡ್ಡ ಡಾಕ್ಟರು ಬಂದಿದ್ದರು. ಮೈಕ್ ಹಿಡಿದು, "ಮಾನ್ಯ ಗ್ರಾಮಸ್ಥರೇ" ಅಂತ ಗಂಟಲು ಸರಿಮಾಡಿಕೊಳ್ಳೋಕೆ ಒಂದು ಸಲ ಕೆಮ್ಮಿದರು, ಅಷ್ಟೇ. ಯಜಮಾನರು ಕೊರಳ ಹಾರದ ಸಮೇತ ಎದ್ದುಹೋಗಿ ಮೈಕ್ ಕಸಿದುಕೊಂಡು ಡಬ್ಬಿ ಹಿಡಿದರು.

"ನಾಚ್ಕಬ್ಯಾಡಿ, ಉಗೀರಿ ಡಾಕ್ಟ್ರೇ. ಭಾಷಣ ಆಮ್ಯಾಕೆ ಮಾಡೀರಂತೆ!"