ಗಾಜಿನ ಪೆಟ್ಟಿಗೆಯ ಕ್ಯಾಪ್ಟನ್ನೂ ನಮ್ಮ ಹುಳದ ಮನೆಯೂ

ಮತ್ತೆ ಕೆಲಸ ಕೆಡಿಸಿದರು. ಮಗಳ ತಲೆಗೆ ಸೀಗೆಪುಡಿ ಹಚ್ಚಿದ್ದೆ, ಇನ್ನೂ ನೀರು ಹುಯ್ದಿರಲಿಲ್ಲ. ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ಕತ್ತು ಚಾಚಿದಳು.

"ಏನೇ, ಕ್ಯಾಪ್ಟನ್ ಮಲಗುವಾಗ ಗಾಯ ಎಡಗೈಲಿತ್ತೋ ಬಲಗೈಲಿತ್ತೋ? ಒಸಿ ಬೇಗ ಹೇಳು, ನಮ್ಮೋರ ಹತ್ರ ಜಗಳ ಆಗ್ತೈತೆ."

ನಾನು ಎಡಗೈ ಎತ್ತಿ ತೋರಿಸುವಷ್ಟರಲ್ಲಿ ಸೀಗೆ ಇಳಿದು ಮಗಳ ಕಣ್ಣಿಗೆ ಹೋಯಿತು. ಊರು ಹಾರಿಹೋಗುವ ಹಾಗೆ ಕಿರುಚಿದಳು. ಅಕ್ಕ, "ಅಳಬ್ಯಾಡ ಕಂದ, ಎಡಗೈ ಅಂತೆ" ಎಂದು ಸಮಾಧಾನ ಮಾಡಿ ಹೋದಳು.

ಆ ಸಿನಿಮಾದ ಎರಡನೇ ಭಾಗ ಬಂದಾಗಿನಿಂದ ಅಕ್ಕೂರಿನಲ್ಲಿ ನನಗೆ ದಿನವೂ ಇದೇ ಪಾಡು. ನೋಡದವರಿಗಾಗಿ ಹೇಳುತ್ತೇನೆ. ಮೊದಲ ಭಾಗದ ಕೊನೆಯಲ್ಲಿ ನಕ್ಷತ್ರಗಳ ಕಡೆ ಹೊರಟ ಹಡಗಿನ ಕ್ಯಾಪ್ಟನ್ ಗಾಜಿನ ಪೆಟ್ಟಿಗೆಯೊಳಗೆ ಮಲಗುತ್ತಾನೆ. ನೂರು ವರ್ಷದ ನಿದ್ದೆ. ಎರಡನೇ ಭಾಗದಲ್ಲಿ ಏಳುತ್ತಾನೆ. ಮಲಗುವಾಗ ಗಾಯ ಎಡಗೈಯಲ್ಲಿ, ಎದ್ದಾಗ ಕಲೆ ಬಲಗೈಯಲ್ಲಿ! ಮೊದಲ ಭಾಗವನ್ನು ಫೋನಿನಲ್ಲಿ ಹನ್ನೊಂದು ಸಲ ನೋಡಿದವಳು ನಾನು. ನನ್ನ ಕಣ್ಣಿಗೆ ಮಣ್ಣೆರಚುವುದಕ್ಕೆ ಆಗುತ್ತದೆಯೇ?

ಪಂದ್ಯ

ನನ್ನ ಮೈದುನ ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಎರಡನೇ ಭಾಗ ಅವನ ಪಾಲಿಗೆ ದೇವರು.

"ಅದು ತಪ್ಪಲ್ಲ ಅತ್ತಿಗೆ, ಬೇಕು ಅಂತ್ಲೇ ಮಾಡವ್ರೆ. ಅವ್ನು ಎದ್ದಿರೋದು ಕನ್ನಡಿ ಲೋಕದಲ್ಲಿ. ಅಲ್ಲಿ ಎಡ ಬಲ ಆಯ್ತದೆ."

"ಹಂಗಾದ್ರೆ ಪಕ್ಕದ ಪೆಟ್ಟಿಗೇಲಿ ಮಲಗಿದ್ದ ಅವ್ನ ಹೆಂಡ್ತಿ ಮೂಗುಬೊಟ್ಟು ಯಾಕಪ್ಪ ಇದ್ದಲ್ಲೇ ಐತೆ? ಕನ್ನಡಿ ಲೋಕಕ್ಕೆ ಅವ್ಳಿಗೆ ಟಿಕೆಟ್ ಸಿಗ್ಲಿಲ್ವಾ?"

ಅವನು ತಕ್ಷಣ ದಾರಿ ಬದಲಿಸಿದ. "ಅದು ಬುಡಿ. ನೂರು ವರ್ಸ ಅವ್ನು ಏನ್ ತಿಂದ ಅಂತ ಮೊದಲ್ನೇದ್ರಲ್ಲಿ ಹೇಳಿದ್ರಾ? ಇದ್ರಲ್ಲಿ ಹೊಟ್ಟೆಗೆ ನಳಿಕೆ ಹಾಕಿ ದಿನಾ ಊಟ ಕೊಡೋದನ್ನ ತೋರ್ಸವ್ರೆ. ಎಂಥಾ ತಲೆ!"

ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಎರಡನೇ ಭಾಗ ಸರಿಯೋ ತಪ್ಪೋ, ಸೋತವರು ಈ ಸಲದ ಹುಳದ ಬೆಳೆ ಮುಗಿಯುವವರೆಗೆ ಒಬ್ಬರೇ ಹಿಕ್ಕೆ ತೆಗೆಯಬೇಕು. ರೇಷ್ಮೆ ಹುಳ ಸಾಕಿದವರಿಗೆ ಇದರ ಭಾರ ಗೊತ್ತು. ಕೊನೆಯ ವಾರ ಹುಳ ಸೊಪ್ಪು ತಿಂದಷ್ಟೂ ಹಿಕ್ಕೆ ಹಾಕುತ್ತದೆ, ಮಂಕರಿ ಮಂಕರಿ ಹೊತ್ತು ತಿಪ್ಪೆಗೆ ಸುರಿಯಬೇಕು. ಮಗು ಹೆತ್ತಾಗಿನಿಂದ ನನ್ನ ಸೊಂಟ ನನ್ನ ಮಾತು ಕೇಳುವುದಿಲ್ಲ. ಸೋಲುವ ಹಾಗೇ ಇರಲಿಲ್ಲ.

ಆದರೆ ತೀರ್ಪು ಕೊಡುವವರು ಯಾರು?

ಯಜಮಾನರ ತೀರ್ಪು

ಮೊದಲು ನನ್ನ ಗಂಡನನ್ನು ಕೇಳಿದೆವು. ಎರಡನೇ ಭಾಗಕ್ಕೆ ನಮ್ಮ ಜೊತೆ ಬಂದವರೇ ಅವರು. ಆದರೆ ಹೆಸರು ತೋರಿಸುವಾಗಲೇ ಗೊರಕೆ ಶುರು ಮಾಡಿದ್ದರು.

"ಕತೆ ಸರಿಯಾಗೇ ಐತೆ. ಅವ್ನೂ ಮಲಗಿದ್ದ, ನಾನೂ ಮಲಗಿದ್ದೆ. ನಾನು ಎದ್ದು ನೋಡ್ತೀನಿ, ಅವ್ನೂ ಎದ್ದವ್ನೆ. ಒಂದು ನಿಮಿಷನೂ ಹೆಚ್ಚುಕಮ್ಮಿ ಇಲ್ಲ" ಎಂದರು.

ಕಂಡಕ್ಟರು

ಮಾರನೆಯ ದಿನ ಚನ್ನಪಟ್ಟಣದ ಬಸ್ಸಿನಲ್ಲಿ ನನ್ನದೂ ಮೈದುನನದೂ ಇದೇ ಜಗಳ. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ನಮ್ಮ ಸೀಟಿಗೆ ಆತುಕೊಂಡು ನಿಂತರು. ಇವರೇ ನ್ಯಾಯ ಹೇಳಲಿ ಎಂದು ಕೊನೆಯ ದೃಶ್ಯದ ಹತ್ತಿರದವರೆಗೂ ಬಿಡಿಸಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಏನಮ್ಮಾ ನೀನು! ಭಾನುವಾರಕ್ಕೆ ರಜೆ ಹಾಕಿ ನೋಡೋಣ ಅಂತ ಇದ್ನಲ್ಲಮ್ಮ! ಇಳೀರಿ, ಇಬ್ರೂ ಇಳೀರಿ!"

ಸ್ಟಾಪು ಇನ್ನೂ ಒಂದು ಫರ್ಲಾಂಗ್ ಇರುವಾಗಲೇ ಇಳಿಸಿಬಿಟ್ಟರು. ಬಸ್ಸು ಹೊರಟಿತು, ಹತ್ತು ಮಾರು ಹೋಗಿ ನಿಂತಿತು. ಕಂಡಕ್ಟರು ಬಾಗಿಲಿಂದ ಬಗ್ಗಿ ಕೂಗಿದರು: "ಹೆಂಡ್ತಿ ಬದುಕ್ತಾಳಾ ಇಲ್ವಾ, ಅದನ್ನಾದ್ರೂ ಹೇಳಿ ಸಾಯಿ!"

ಮರದ ಹಡಗು

ಮೈದುನ ಬಿಡುವ ಪೈಕಿಯಲ್ಲ. ಹಡಗು ಕನ್ನಡಿ ಲೋಕಕ್ಕೆ ಹೇಗೆ ತಿರುಗಿತು ಎಂದು ನನಗೆ ತೋರಿಸಲು ಕಾರ್ಖಾನೆಯಲ್ಲೇ ಮರದ ಹಡಗೊಂದನ್ನು ಕಡೆದ. ಕೆಂಪು, ಹಳದಿ ಅರಗಿನ ಬಣ್ಣ, ಥಳಥಳ. ನನಗೇ ಆಸೆಯಾಯಿತು ಅನ್ನಿ. ಅದನ್ನು ಮನೆಗೆ ತರುವ ಮೊದಲೇ ಮಾಲೀಕರ ಕಣ್ಣಿಗೆ ಬಿದ್ದಿತ್ತು. ಅವರು ಹಡಗನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ.

"ಕೆಲ್ಸ ಚೆನ್ನಾಗೈತೆ ಕಣಯ್ಯ. ಆದ್ರೆ ಗಿಲಕಿಗೆ ಕಾಳು ಹಾಕೋದೇ ಮರ್ತಿದ್ದೀಯಲ್ಲ!"

ಅತ್ತೆ

ಕೊನೆಗೆ ಉಳಿದವರು ನಮ್ಮತ್ತೆ. ಮೂವತ್ತು ವರ್ಷದಿಂದ ಹುಳ ಸಾಕುತ್ತಿರುವವರು. ಸುಳ್ಳು ಹೇಳುವುದಿಲ್ಲ, ಮಗ ಸೊಸೆ ಅಂತ ನೋಡುವುದಿಲ್ಲ. ಮೊದಲ ಭಾಗವನ್ನು ಸೊಪ್ಪು ಕತ್ತರಿಸುತ್ತಲೇ ಫೋನಿನಲ್ಲಿ ತೋರಿಸಿದೆ. ಎರಡನೆಯದಕ್ಕೆ ರಾಮನಗರಕ್ಕೇ ಹೋಗಬೇಕಿತ್ತು. ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಹೊರಟೆವು. ಪೊರೆ ಬಿಡುವ ಮೊದಲು ಹುಳ ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಮಗೆ ಸಿಗುವ ರಜೆ ಅದೊಂದೇ.

ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ಖಳನಾಯಕ ಬಂದು ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಅತ್ತೆ ಎದ್ದು ನಿಂತೇಬಿಟ್ಟರು.

"ಮುಟ್ಟಬ್ಯಾಡ ಕಣ್ಲಾ! ಜ್ವರಕ್ಕೆ ಕೂತವ್ನೆ!"

ಹಿಂದಿನ ಸಾಲಿನಿಂದ ಇನ್ನೊಬ್ಬ ಮುದುಕಿಯ ಗಂಟಲು, "ಹೌದು ಕಣ್ಲಾ, ಬುಡ್ಲಾ!" ಎಂದಿತು. ಆಮೇಲೆ ಐದು ನಿಮಿಷ ನಗುವಿನಲ್ಲಿ ಸಿನಿಮಾ ಯಾರಿಗೂ ಕೇಳಿಸಲಿಲ್ಲ.

ಹೊರಗೆ ಬಂದದ್ದೇ ನಾವಿಬ್ಬರೂ ಅವರ ಆಚೆ ಈಚೆ ನಿಂತೆವು. "ಕಲೆ ನೋಡಿದ್ರಾ ಅತ್ತೆ? ಬಲಗೈ!" ಎಂದೆ ನಾನು. "ಕನ್ನಡಿ ಲೋಕ ಕಣವ್ವ!" ಎಂದ ಅವನು.

"ಕೈ ಯಾವ್ದಾದ್ರೆ ನಂಗೇನು" ಎಂದರು ಅತ್ತೆ. "ನಾನೊಂದು ಕೇಳ್ತೀನಿ. ಸರಿಯಾಗಿ ಹೇಳ್ದೋರು ಗೆದ್ದಂಗೆ. ಇಬ್ರಿಗೂ ಗೊತ್ತಿಲ್ದಿದ್ರೆ ಇಬ್ರೂ ಸೇರಿ ಹಿಕ್ಕೆ ತೆಗೀರಿ."

ಕೇಳಿದರು. ನಮ್ಮಿಬ್ಬರ ನಾಲಿಗೆಯೂ ಜೀವನದಲ್ಲಿ ಮೊದಲ ಸಲ ಜ್ವರಕ್ಕೆ ಕೂತಿತು. ಇವತ್ತಿಗೆ ನಾಲ್ಕು ದಿನ. ಅವನೊಂದು ಹುಳದ ತಟ್ಟೆ, ನಾನೊಂದು ತಟ್ಟೆ, ಎದುರುಬದುರು ಕೂತು ತೆಗೆಯುತ್ತಲೇ ಇದ್ದೇವೆ. ಉತ್ತರ ಹೊಳೆದಿಲ್ಲ. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ದಿನಕ್ಕೊಂದು ಸಲ ಅದನ್ನೇ ಕೇಳುತ್ತಾರೆ:

"ಅಲ್ಲ ಕಣವ್ವಾ, ಜ್ವರಕ್ಕೆ ಕೂತೋನಿಗೆ ನಳಿಕೇಲಿ ದಿನಾ ಊಟ ಕೊಟ್ರಲ್ಲ, ನೂರು ವರ್ಸ ತಿಂದವ್ನೆ, ಗಾಜಿನ ಪೆಟ್ಟಿಗೆ ನೋಡಿದ್ರೆ ಫಳಫಳ ಅಂತೈತೆ. ಅವ್ನ ಹಿಕ್ಕೆ ತೆಗ್ದೋರು ಯಾರು?"