ನಾಲ್ಕು ಊರಿನ ರಾಜರಿಗೊಂದು ಇನ್‌ಸ್ಟಾಲರ್

೧. ಒಮ್ಮೆ ಕೇಳಿದರೆ

ಬೆಳಿಗ್ಗೆ ಹಾನಗಲ್ಲಿನಿಂದ ಮಾಸ್ತರನ ಫೋನು ಬಂತು.

"ನಿನ್ನ ಪ್ರೋಗ್ರ್ಯಾಮಿಗೆ ಮನುಷ್ಯತ್ವ ಅನ್ನೂದು ಇಲ್ಲಪಾ."

"ಏನಾತು?"

"ಆಟ ಹಾಕ್ಲೇನು ಅಂತ ಕೇಳ್ತು. ಬ್ಯಾಡ ಅಂತ ಒತ್ತಿದೆ. ಹೋಗೇಬಿಡ್ತು."

"ಬ್ಯಾಡ ಅಂತ ಯಾಕ ಒತ್ತಿದಿ?"

"ಒಮ್ಮೆ ಕೇಳಿದ ಕೂಡ್ಲೇ ಹೂಂ ಅಂದುಬಿಡೂದೇನು? ಇನ್ನೊಮ್ಮೆ ಕೇಳ್ತದ ಅಂತ ಕೂತೆ. ಸ್ನಾನಾ ಮುಗಿಸಿ ಬಂದು ನೋಡಿದೆ. ಕೇಳೇ ಇಲ್ಲ."

ಮಾಸ್ತರ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಯಾರ ಮನೆಯಲ್ಲೂ ಮೊದಲ ಸಲಕ್ಕೆ ಚಹಾ ಒಪ್ಪಿದವನಲ್ಲ.

ಪ್ರೋಗ್ರ್ಯಾಮು ಬರೆದವನು ನಾನು. ಶಿಗ್ಗಾವಿಯಲ್ಲಿ ಬಹಳ ವರ್ಷ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ನಡೆಸಿದೆ. ಆಗ ನಾವು ನಾಲ್ವರು ಗೆಳೆಯರು ಆದಿತ್ಯವಾರ ಅಲ್ಲಿ ಸೇರಿ ಒಂದು ಆಟ ಆಡುತ್ತಿದ್ದೆವು. ನಾಲ್ಕು ರಾಜರು, ನಾಲ್ಕು ಕೋಟೆ, ಒಂದೇ ಕಂಪ್ಯೂಟರು, ಸರದಿಯ ಮೇಲೆ ಆಟ. ಹೊಸ ಕಂಪ್ಯೂಟರುಗಳು ಬಂದವು. ಆ ಆಟ ಅವುಗಳಲ್ಲಿ ನಡೆಯಲಿಲ್ಲ. ಆದಿತ್ಯವಾರಗಳೂ ನಿಂತವು.

ಈಗ ಎಲ್ಲೋ ಹೊರದೇಶದ ಅಭಿಮಾನಿಗಳು ಆ ಆಟವನ್ನು ರಿಪೇರಿ ಮಾಡಿ ಫೈಲುಗಳನ್ನು ಪುಕ್ಕಟೆ ಕೊಡುತ್ತಿದ್ದಾರೆ. ಪ್ಯಾಚ್ ಎನ್ನುತ್ತಾರೆ. ಯಾವ ಫೈಲು ಎಲ್ಲಿ ಹಾಕಬೇಕು ಎಂದು ಓದುವಷ್ಟರಲ್ಲಿ ತಲೆ ತಿರುಗುತ್ತದೆ. ಅದಕ್ಕೇ ಎಲ್ಲವನ್ನೂ ತಾನೇ ಹಾಕುವ ಒಂದು ಇನ್‌ಸ್ಟಾಲರ್ ಬರೆದೆ, ಕನ್ನಡದಲ್ಲಿ. ಅದು ಕೇಳುತ್ತದೆ, ಇವರು ಹೂಂ ಅಥವಾ ಬ್ಯಾಡ ಒತ್ತಬೇಕು. ನಾಲ್ವರೂ ಮತ್ತೆ ಕೂಡಬೇಕು ಎಂಬ ಆಸೆ ಇತ್ತು. ಯಾರಿಗೂ ಹೇಳಿರಲಿಲ್ಲ.

ಮಾಸ್ತರನಿಗಾಗಿ ತಿದ್ದಿದೆ. ಈಗ ಅದು ಮೂರು ಸಲ ಕೇಳುತ್ತದೆ. ಮೂರನೆಯ ಸಲವೂ ಬ್ಯಾಡ ಅಂದರೆ ಕಿವಿಗೆ ಹಾಕಿಕೊಳ್ಳದೆ ಹಾಕಿಬಿಡುತ್ತದೆ.

ಮಾಸ್ತರ ಮತ್ತೆ ಫೋನು ಮಾಡಿದ.

"ಈಗ ಸಂಸ್ಕಾರ ಬಂದದ."

೨. ಗುರುತು

ಎರಡನೆಯವನು ಸವಣೂರಿನ ವೀಳ್ಯದೆಲೆ ವ್ಯಾಪಾರಿ. ಆಟದ ಮೂಲ ಡಿಸ್ಕ್ ಇರುವುದು ಒಂದೇ. ಮಾಸ್ತರನದು ಮುಗಿದ ಮೇಲೆ ಅದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇವನಿಗೆ ಕಳಿಸಿದೆ. ಅವನು ಹಾಕಿಕೊಂಡು ಮುಂದಿನವನಿಗೆ ಕಳಿಸಬೇಕು. ಹಾಕಿಕೊಳ್ಳುವಾಗ ಫೋನು ಮಾಡಿದ.

"ದೋಸ್ತ, ಕಂಪ್ಯೂಟರ್ ಏನೋ ಅನ್ನಾಕತ್ತೈತಿ. ಇದನ್ನ ಮಾಡಿದವ ಯಾರಂತ ಗೊತ್ತಿಲ್ಲ, ಇವನ್ನ ನಂಬ್ತೀಯೇನು ಅಂತ."

"ಅದು ಎಲ್ಲಾರಿಗೂ ಹಂಗ ಕೇಳ್ತೈತಿ. ನಾನ ಮಾಡಿದ್ದು."

"ನೀನ ಅಂತ ನನಗ ಗೊತ್ತೈತಿ."

"ಹಂಗಾರ ನಂಬ್ತೇನಿ ಅಂತ ಒತ್ತು."

ನಲವತ್ತು ವರ್ಷದ ಗೆಳೆತನ. ಅವನ ಮಗಳ ಮದುವೆಯಲ್ಲಿ ಬೀಗರ ಕಾಲಿಗೆ ನೀರು ಕೊಟ್ಟವನು ನಾನು.

"ನಾಳಿಗೆ ಹೇಳ್ತೇನಿ," ಅಂದ.

ಮರುದಿನ ಒತ್ತಿದ. ಡಿಸ್ಕನ್ನು ಮುಂದೆ ಕಳಿಸಿದ. ತಾನು ಎಲ್ಲವನ್ನೂ ಹೇಗೆ ಕಳಿಸುತ್ತಾನೋ ಹಾಗೆಯೇ, ಎಲೆಗಳ ನಡುವೆ ಇಟ್ಟು, ಒದ್ದೆ ಬಟ್ಟೆ ಸುತ್ತಿ. ಡಿಸ್ಕ್ ಬಾಡದೆ ಮುಟ್ಟಿತು.

೩. ತಲಿ ಕಂಡೈತಿ

ಮೂರನೆಯವನು ಹಿರೇಕೆರೂರ ತಾಲೂಕಿನ ಮಾಸೂರಿನವನು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ.

"ತೊಂಬತ್ತೊಂಬತ್ತಕ್ಕ ಬಂದು ನಿಂತೈತಿ," ಅಂದ.

"ಬಂದ್ ಮಾಡಿ ಮತ್ತ ಹಚ್ಚು."

"ಹುಚ್ಚ ಅದೀಯೇನು? ತಲಿ ಕಂಡ ಮ್ಯಾಲೆ ಕೈ ಹಾಕಬಾರದು. ಎಳದ್ರ ಕರಾ ಹೋಗ್ತೈತಿ."

ಫೋನಿನಲ್ಲಿ ವಾದ ಮಾಡುವುದು ನನಗೆ ಆಗುವುದಿಲ್ಲ. ಬಸ್ಸು ಹತ್ತಿದೆ. ಎರಡು ಕಡೆ ಬದಲಿಸಿ ಮಾಸೂರಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವನ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದಳು.

"ಬರ್ರಿ ಬರ್ರಿ, ಕುಂದರ್ರಿ. ಮುಂಜಾನಿಂದ ಯಾರನ್ನೂ ಒಳಗ ಬಿಡವಲ್ರು. ಮಿಕ್ಸರ್ ಹಚ್ಚಬ್ಯಾಡ, ಸಪ್ಪಳಕ್ಕ ಬೆದರತೈತಿ ಅಂತಾರ್ರಿ."

ಒಳಗೆ ಕಿಟಕಿಗೆ ಚಾದರ ಕಟ್ಟಿದ್ದ. ಕಂಪ್ಯೂಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ನಾನು ನೋಡಿದೆ. "ಮುಗಿಸ್ಲೇನು?" ಎಂಬ ಕೊನೆಯ ಪ್ರಶ್ನೆ ಪರದೆಯಲ್ಲಿ ತೆರೆದಿದ್ದ ಬೇರೊಂದು ಪುಟದ ಹಿಂದೆ ಅಡಗಿತ್ತು. ತಪ್ಪು ನನ್ನದೇ. ಮುಂದೆ ತಂದು ಹೂಂ ಒತ್ತಿದೆ. ನೂರಾಯಿತು.

"ನೋಡಿದ್ಯಾ?" ಅಂದ ಕಂಪೌಂಡರ್. "ಎಳೀಲಿಲ್ಲ. ತಾನಾಗೇ ಬಂತು."

ರೊಟ್ಟಿ, ಎಣ್ಣೆಗಾಯಿ ಉಂಡೆವು. ಮದಗದ ಕೆರೆಯ ಏರಿಯ ಮೇಲೆ ಸ್ವಲ್ಪ ದೂರ ನಡೆದೆವು. ಗದ್ದೆಗೆ ನೀರು ಬಿಟ್ಟಿದ್ದರು. ಮಾತು ಹೆಚ್ಚೇನೂ ಆಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ಅವನು ಕೇಳಿದ:

"ಮತ್ತ ಯಾವಾಗ ಕೆಡತೈತಿ?"

೪. ಗೋಡೆ

ಕೆಡಲಿಲ್ಲ. ನಾನು ಎಲ್ಲ ತಪ್ಪನ್ನೂ ತಿದ್ದಿದೆ. ಏಳನೆಯ ಸಲ ಮಾಡಿದ ಇನ್‌ಸ್ಟಾಲರ್ ಮೂರೂ ಊರಲ್ಲಿ ಒಂದೂ ತಕರಾರಿಲ್ಲದೆ ಕೂತಿತು.

ಪ್ಯಾಚಿನಲ್ಲಿ ಇನ್ನೊಂದು ಸೌಕರ್ಯ ಇತ್ತು. ನಾಲ್ವರೂ ಒಂದೆಡೆ ಇರಬೇಕಿಲ್ಲ. ನನ್ನ ಸರದಿ ಆಡಿ ಆ ಫೈಲನ್ನು ಫೋನಿನಲ್ಲಿ ಹಾನಗಲ್ಲಿಗೆ ಕಳಿಸಿದರೆ, ಮಾಸ್ತರ ಆಡಿ ಸವಣೂರಿಗೆ ಕಳಿಸುತ್ತಾನೆ. ಅಲ್ಲಿಂದ ಮಾಸೂರಿಗೆ, ಅಲ್ಲಿಂದ ಮತ್ತೆ ನನಗೆ. ಫೈಲಿನ ಜತೆಗೆ ಹೆಬ್ಬೆರಳಿನ ಒಂದು ಚಿತ್ರ ಬರುತ್ತಿತ್ತು. ಅಷ್ಟೇ.

ಎಲ್ಲರೂ ಆಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ.

ಹಿಂದೆ ಹಾಗಿರಲಿಲ್ಲ. ಒಬ್ಬನು ಕುರ್ಚಿಯಲ್ಲಿ ಕೂತು ಆಡುವಾಗ ಅವನ ಸೈನ್ಯ ಎಲ್ಲಿದೆ ಎಂದು ಉಳಿದವರು ನೋಡುವಂತಿಲ್ಲ. ಅದಕ್ಕೆ ಮೂವರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಸರದಿ ಬೇಗ ಮುಗಿಯುತ್ತಿರಲಿಲ್ಲ. ಗೋಡೆ ನೋಡುತ್ತಲೇ ಮಾತಾಡುತ್ತಿದ್ದೆವು. ಸವಣೂರಿನವನು ಮಗಳಿಗೆ ವರ ನೋಡಿದ್ದನ್ನು ಹೇಳಿದ್ದು ಆ ಗೋಡೆಗೆ. ಕಂಪೌಂಡರ್ ತನ್ನ ಅವ್ವ ಹೋದ ಮೇಲೆ ಅತ್ತದ್ದೂ ಅಲ್ಲಿಯೇ. ಮುಖ ಕಾಣದಿದ್ದರೆ ಗಂಡಸರಿಗೆ ಮಾತು ಬರುತ್ತದೆ. ಮೂರು ಜನರ ಅಂಗೈ ತಾಗಿ ತಾಗಿ ಅಲ್ಲಿ ಸುಣ್ಣ ಹೋಗಿತ್ತು. ಆ ಕೋಣೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಗೋಡೆಗೆ ಗಾಜಿನ ಕಪಾಟು ಹೊಡೆದಿದ್ದಾರೆ.

ಆಗಿನ ಒಂದು ಆದಿತ್ಯವಾರ ಎಲೆ ವ್ಯಾಪಾರಿ ಗೋಡೆಯ ಕಡೆಯಿಂದ ಕೂಗಿದ: "ಮಾಸ್ತರನ ಕೈಯಾಗ ಕನ್ನಡಿ ಐತಿ! ಹಿಂದಿಂದು ನೋಡಾಕತ್ತಾನ!"

ನಿಜ, ಅಂಗೈಯಲ್ಲಿ ಸಣ್ಣ ಕನ್ನಡಿ ಇತ್ತು.

"ತಲಿ ಬಾಚಿಕೊಳ್ಳಿಕ್ಕೆ ಇಟ್ಟೇನಿ," ಅಂದ ಮಾಸ್ತರ.

ಅವನ ತಲೆ ಆಗಲೇ ಪೂರ್ತಿ ಬೋಳಾಗಿತ್ತು.

ಈಗಲೂ ಸುಮ್ಮನೆ ಬರ್ರಿ ಅನ್ನಬಹುದಿತ್ತು. ನಾವು ಹಾಗೆ ಕರೆದವರಲ್ಲ, ಹಾಗೆ ಹೋದವರೂ ಅಲ್ಲ. ಏನಾದರೂ ಕೆಲಸ ಬೇಕು. ಒಂದು ದಿನ ಮಾಸೂರಿಗೆ ನಾನೇ ಫೋನು ಮಾಡಿದೆ.

"ಏನಾರ ತೊಂದರೆ ಐತೇನು?"

"ಏನೂ ಇಲ್ಲ. ಚಲೋ ನಡದೈತಿ."

"ಬರೋಬ್ಬರಿ ನೋಡು."

"ನೋಡೇನಿ. ಏನೂ ಇಲ್ಲ."

ಇಬ್ಬರೂ ಫೋನು ಇಟ್ಟೆವು.

೫. ದುರಸ್ತಿ

ನಾಲ್ಕು ದಿನ ಬಿಟ್ಟು ಕಂಪೌಂಡರನ ಫೋನು ಬಂತು.

"ಆಟ ಹೋತು."

"ಎಲ್ಲಿಗೆ ಹೋತು?"

"ನಾ ಏನ ಹೇಳ್ಲಿ? ಮುಂಜಾನಿ ನೋಡಿದ್ರ ಇಲ್ಲ. ನಾ ಏನೂ ಮುಟ್ಟಿಲ್ಲ."

ಹೋದೆ. ಕಂಪ್ಯೂಟರ್ ಹಚ್ಚಿದೆ. ಆಟ ಇರಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ್ದೆಲ್ಲ ಮೊದಲು ಅದರ ಕಸದ ಬುಟ್ಟಿಗೆ ಹೋಗಿ ಬೀಳುತ್ತದೆ. ಬುಟ್ಟಿ ತೆರೆದೆ. ಆಟ ಅದರಲ್ಲಿ ಪೂರ್ತಿಯಾಗಿ ಇತ್ತು. ಅಳಿಸಿದ ಹೊತ್ತೂ ಅಲ್ಲೇ ಬರೆದಿತ್ತು. ನನಗೆ ಫೋನು ಮಾಡುವುದಕ್ಕೆ ಸ್ವಲ್ಪ ಮೊದಲು.

ಅಲ್ಲಿಂದ ಎತ್ತಿ ಮೊದಲಿನ ಜಾಗದಲ್ಲಿ ಇಡುವುದು ಒಂದು ಒತ್ತಿನ ಕೆಲಸ.

ಕಂಪೌಂಡರ್ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಹೊರಗೆ ಏನೂ ಇರಲಿಲ್ಲ.

ಅವನ ಹೆಂಡತಿ ಚಹಾ ತಂದು ಕೇಳಿದಳು: "ಏನಾಗೇತ್ರಿ?"

"ದೊಡ್ಡ ದೋಷ ಐತಿ ವೈನಿ. ನನ್ನೊಬ್ಬನ ಕೈಲೆ ಆಗೂದಲ್ಲ. ಅವರಿಬ್ರೂ ಬರಬೇಕಾಗ್ತೈತಿ."

ಹಾನಗಲ್ಲಿಗೆ ಫೋನು ಮಾಡಿದೆ.

"ಗಂಭೀರ ಅದ ಏನು?" ಅಂದ ಮಾಸ್ತರ.

"ಐತಿ."

"ನನಗ ಅದರಾಗಿಂದು ಏನ ತಿಳೀತದ?"

"ಆದ್ರೂ ಬರಬೇಕು."

"ಮೊಣಕಾಲು..."

"ಬಾ ಮಾರಾಯಾ."

"ಬರ್ತೇನಿ."

ಸವಣೂರಿನವನು ಒಂದೇ ಮಾತಿಗೆ ಒಪ್ಪಿದ. ಅದೇ ನನಗೆ ಅನುಮಾನ ತಂದಿತು. ಇವನು ಮೊದಲೇ ಚೀಲ ತುಂಬಿ ಇಟ್ಟುಕೊಂಡಿದ್ದ ಹಾಗಿತ್ತು.

ಮರುದಿನ ಮಧ್ಯಾಹ್ನಕ್ಕೆ ಇಬ್ಬರೂ ಬಂದರು. ಒಬ್ಬನು ಊರುಗೋಲು ಹಿಡಿದು, ಇನ್ನೊಬ್ಬನು ಎಲೆ ಕಟ್ಟು ಹಿಡಿದು. ಎಲ್ಲರೂ ಕಂಪ್ಯೂಟರಿನ ಮುಂದೆ ನಿಂತೆವು. ಕಸದ ಬುಟ್ಟಿ ತೆರೆದೇ ಇತ್ತು. ಆಟದ ಹೆಸರು, ನಾಲ್ಕು ಕೋಟೆಯ ಚಿತ್ರ, ಎಲ್ಲ ಕಾಣುತ್ತಿತ್ತು. ಮಾಸ್ತರ ಕನ್ನಡಕ ಒರೆಸಿ ಓದಿದ. ಎಲೆ ವ್ಯಾಪಾರಿ ಬಗ್ಗಿ ಓದಿದ. ಕಂಪೌಂಡರ್ ಓದಲಿಲ್ಲ.

"ಬಾಳ ಕಠಿಣ ಅದ," ಅಂದ ಮಾಸ್ತರ.

"ಅವಸರ ಮಾಡಬಾರದು," ಅಂದ ಎಲೆ ವ್ಯಾಪಾರಿ.

ವೈನಿ ಒಳಗಿನಿಂದ ಕೇಳಿದಳು: "ರೊಟ್ಟಿ ಎಷ್ಟು ಮಂದಿಗೆ ಮಾಡ್ಲ್ರಿ?"

ದುರಸ್ತಿಗೆ ಎರಡು ದಿನ ಹಿಡಿಯಿತು.